ಜಪ್ಪಯ್ಯ ಅಂದ್ರೂ ಪಕ್ಷ ಬದಲಾಯಿಸದ ಅಮೆರಿಕದ ರಾಜ್ಯ ಯಾವ್ದು?

ಅಮೆರಿಕದಲ್ಲಿ ಎಲೆಕ್ಷನ್ ಹತ್ರ ಬಂತು ಅಂದ್ರೆ ಟೀವಿಯವರ ಕಣ್ಣಿಗೆ ಕಾಣೋದು ಏಳೇ ಏಳು ರಾಜ್ಯ. ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್, ಜಾರ್ಜಿಯಾ, ಅರಿಜೋನಾ, ನೆವಾಡಾ, ನಾರ್ತ್ ಕ್ಯಾರೊಲಿನಾ. 2024ರಲ್ಲಂತೂ ಈ ಏಳು ಹೆಸರು ಕೇಳಿ ಕೇಳಿ ನಮ್ಮ ಮನೆ ಮಕ್ಕಳಿಗೂ ಬಾಯಿಪಾಠ ಆಗಿತ್ತು. ಮಿಕ್ಕ 43 ರಾಜ್ಯಗಳ ಬಗ್ಗೆ ಒಬ್ರೂ ಸೊಲ್ಲೆತ್ತಲ್ಲ, ಯಾಕಂದ್ರೆ ಅಲ್ಲಿ ಯಾರು ಗೆಲ್ತಾರೆ ಅಂತ ಕ್ಯಾಂಡಿಡೇಟ್ ಹೆಸರು ಅನೌನ್ಸ್ ಆಗೋಕೆ ಮುಂಚೆನೇ ಗೊತ್ತಿರುತ್ತೆ. ನನಗೆ ಮಾತ್ರ ಯಾವ ಕಡೆ ಬೇಕಾದ್ರೂ ವಾಲೋ ಈ ಸ್ವಿಂಗ್ ಸ್ಟೇಟ್‌ಗಳಿಗಿಂತ ಈ ಗೊತ್ತಿರೋ ರಾಜ್ಯಗಳ ಮೇಲೇ ಕುತೂಹಲ. ಯಾವ ರಾಜ್ಯ ನಿಜವಾಗ್ಲೂ ಕದಲಲ್ಲ, ಯಾವ್ದು ಸುಮ್ನೆ ಕದಲದ ಹಾಗೆ ಕಾಣ್ತಿದೆ ಅನ್ನೋದು.

ಮೊದ್ಲು ಒಂದು ಲೆಕ್ಕ. 2016ರಿಂದ 2020ಕ್ಕೆ ಪಕ್ಷ ಬದಲಾಯಿಸಿದ್ದು ಐದೇ ರಾಜ್ಯ. 2020ರಿಂದ 2024ಕ್ಕೆ ಆರು, ಅದೂ ಹೋದ ಐದೇ ವಾಪಸ್ ಬಂದು ಜೊತೆಗೆ ನೆವಾಡಾ ಸೇರ್ಕೊಂಡಿದ್ದು. ಅಂದ್ರೆ ಟ್ರಂಪ್ ನಿಂತ ಮೂರೂ ಎಲೆಕ್ಷನ್‌ನಲ್ಲಿ 44 ರಾಜ್ಯ ಒಂದೇ ಕಡೆಗೆ ವೋಟ್ ಹಾಕಿವೆ, ಕೋವಿಡ್ ಬಂತು, ಬೆಲೆ ಏರಿತು, ಅಲ್ಲಿನ ಸಂಸತ್ ಭವನ ಕ್ಯಾಪಿಟಲ್ ಮೇಲೆ ದಾಳಿ ಆಯ್ತು, ಕೋರ್ಟ್ ಕೇಸುಗಳಾದವು, ಆದ್ರೂ ಅಲ್ಲಾಡಲಿಲ್ಲ. ಇದನ್ನ ನೋಡಿದವರಿಗೆ ಇದು ಹಿಂದಿನಿಂದಲೂ ಹೀಗೇ ಇತ್ತು, ಮುಂದೂ ಹೀಗೇ ಇರುತ್ತೆ ಅನ್ಸೋದು ಸಹಜ. ಆದ್ರೆ 1976ರ ಮ್ಯಾಪ್ ತೆಗೆದು ನೋಡಿ ಒಂದ್ಸಲ. ಡೆಮಾಕ್ರಾಟ್ ಜಿಮ್ಮಿ ಕಾರ್ಟರ್ ಗೆದ್ದಿದ್ದು ಟೆಕ್ಸಸ್, ಅಲಬಾಮಾ, ಮಿಸಿಸಿಪ್ಪಿ! ರಿಪಬ್ಲಿಕನ್ ಫೋರ್ಡ್ ಗೆದ್ದಿದ್ದು ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ನ್ಯೂಜೆರ್ಸಿ, ಇಲಿನಾಯ್, ವರ್ಮಾಂಟ್! ಐವತ್ತು ವರ್ಷ ಕೂಡ ಆಗಿರಲಿಲ್ಲ 2024ಕ್ಕೆ.

ಸಾಮಾನ್ಯವಾಗಿ ಈ ವಿಷಯ ಬಂದಾಗ ಜನ ಏನ್ಮಾಡ್ತಾರೆ ಅಂದ್ರೆ ಎಷ್ಟು ವರ್ಷದಿಂದ ಒಂದೇ ಪಕ್ಷಕ್ಕೆ ಹಾಕ್ತಾ ಬಂದಿದೆ ಅಂತ ಎಣಿಸ್ತಾರೆ. ಹಾಗೆ ಎಣಿಸಿದ್ರೆ ಡೆಮಾಕ್ರಾಟರ ಅತಿ ನಿಷ್ಠಾವಂತ ರಾಜ್ಯ ಮಿನೆಸೋಟಾ. 1972ರಲ್ಲಿ ನಿಕ್ಸನ್‌ಗೆ ಹಾಕಿದ್ದೇ ಕೊನೆ, 1976ರಿಂದ ಸತತ 13 ಎಲೆಕ್ಷನ್ ಡೆಮಾಕ್ರಾಟರೇ, ಇಷ್ಟು ಉದ್ದದ ದಾಖಲೆ ಆ ಪಕ್ಷಕ್ಕೆ ಬೇರೆ ಯಾವ ರಾಜ್ಯದಲ್ಲೂ ಇಲ್ಲ. ಕೇಳೋಕೆ ಭದ್ರಕೋಟೆ ಅನ್ಸುತ್ತೆ ಅಲ್ವಾ, ಒಳಗೆ ಹೊಕ್ಕು ನೋಡಿ. 1984ರಲ್ಲಿ ರೇಗನ್ 49 ರಾಜ್ಯ ಗೆದ್ದಾಗ ಉಳಿದ ಒಂದೇ ಒಂದು ರಾಜ್ಯ ಇದು, ಅದೂ ಎದುರಾಳಿ ಮಾಂಡೇಲ್ ಅವರ ಸ್ವಂತ ಊರು ಅನ್ನೋ ಕಾರಣಕ್ಕೆ, ಅಂತರ ಬರೀ 3,761 ವೋಟು. ಆವತ್ತು ಅಷ್ಟು ಜನ ಮನೇಲೇ ಕೂತಿದ್ರೆ ಈ ದಾಖಲೆ ಪಾಖಲೆ ಏನೂ ಇರ್ತಿರಲಿಲ್ಲ. 2016ರಲ್ಲಿ ಹಿಲರಿ ಗೆದ್ದಿದ್ದು ಒಂದೂವರೆ ಪರ್ಸೆಂಟ್‌ನಲ್ಲಿ. 2024ರಲ್ಲಿ ಅಲ್ಲಿನ ಗವರ್ನರ್ ಟಿಮ್ ವಾಲ್ಜ್ ಅವರನ್ನೇ ವೈಸ್ ಪ್ರೆಸಿಡೆಂಟ್ ಕ್ಯಾಂಡಿಡೇಟ್ ಮಾಡಿದ್ರೂ ಡೆಮಾಕ್ರಾಟ್ ಕಮಲಾ ಹ್ಯಾರಿಸ್‌ಗೆ ಸಿಕ್ಕ ಲೀಡ್ ನಾಲ್ಕು ಪರ್ಸೆಂಟ್ ಚಿಲ್ಲರೆ. ಇದು ನಿಷ್ಠೆ ಅಲ್ಲ, ಕೆಲವು ಸಲ ಕೂದಲೆಳೆಯಲ್ಲಿ ಪಾರಾಗಿದ್ದು.

ಆ ಕಡೆ ರಿಪಬ್ಲಿಕನ್ನರಿಗೆ ಒಂಬತ್ತು ರಾಜ್ಯ ಇವೆ, 1964ರಲ್ಲಿ ಲಿಂಡನ್ ಜಾನ್ಸನ್‌ಗೆ ಹಾಕಿದ್ದು ಬಿಟ್ರೆ ಆಮೇಲೆ ಒಂದ್ಸಲಾನೂ ಡೆಮಾಕ್ರಾಟ್ ಕಡೆ ತಿರುಗಿ ನೋಡಿಲ್ಲ: ಅಲಾಸ್ಕಾ, ಐಡಹೋ, ಯೂಟಾ, ವೈಯೋಮಿಂಗ್, ನಾರ್ತ್ ಡಕೋಟಾ, ಸೌತ್ ಡಕೋಟಾ, ನೆಬ್ರಾಸ್ಕಾ, ಕ್ಯಾನ್ಸಸ್, ಒಕ್ಲಹೋಮಾ. ಮ್ಯಾಪಲ್ಲಿ ನೋಡಿದ್ರೆ ಅರ್ಧ ದೇಶಾನೇ ಕೆಂಪಗೆ ಕಾಣುತ್ತೆ (ರಿಪಬ್ಲಿಕನ್ನರ ಬಣ್ಣ ಕೆಂಪು, ಡೆಮಾಕ್ರಾಟರದ್ದು ನೀಲಿ), ಆದ್ರೆ ಈ ಒಂಬತ್ತೂ ಸೇರಿಸಿದ್ರೆ ಎಲೆಕ್ಟೋರಲ್ ವೋಟು (ಪ್ರೆಸಿಡೆಂಟ್ ಆರಿಸೋಕೆ ಒಂದೊಂದು ರಾಜ್ಯಕ್ಕೂ ಹಂಚಿರೋ ವೋಟು, ಹೆಚ್ಚಿನ ಕಡೆ ರಾಜ್ಯ ಗೆದ್ದವರಿಗೇ ಪೂರ್ತಿ ಸಿಗುತ್ತೆ, ಗೆಲ್ಲೋಕೆ 270 ಬೇಕು) ಎಷ್ಟು ಗೊತ್ತಾ, 40. ಟೆಕ್ಸಸ್ ಒಂದಕ್ಕೇ 40. ಅದರಲ್ಲೂ ನೆಬ್ರಾಸ್ಕಾದವರು ಕ್ಷೇತ್ರವಾರು ಹಂಚೋದ್ರಿಂದ ಒಮಾಹಾ ಸುತ್ತಲಿನ ಒಂದು ವೋಟು 2008, 2020, 2024ರಲ್ಲಿ ಡೆಮಾಕ್ರಾಟರ ಪಾಲಾಯ್ತು. ಹಾಗಾಗಿ ಟೆಕ್ಸಸ್ ಕದಲುತ್ತಾ ಇಲ್ವಾ ಅನ್ನೋದೇ ದೊಡ್ಡ ಪ್ರಶ್ನೆ, ಅದಕ್ಕೆ ಆಮೇಲೆ ಬರ್ತೀನಿ.

ನನ್ನ ವಾದ ಇಷ್ಟೇ. ಹಳೇ ದಾಖಲೆ ನೋಡಿ ರಾಜ್ಯದ ನಿಷ್ಠೆ ಅಳೀಬಾರ್ದು. ಎಷ್ಟೋ ಸಲ ಜನ ಇದ್ದಲ್ಲೇ ಇರ್ತಾರೆ, ಪಕ್ಷಾನೇ ಜಾಗ ಬಿಟ್ಟು ಬೇರೆ ಕಡೆ ಹೋಗ್ಬಿಟ್ಟಿರುತ್ತೆ. ಇದಕ್ಕೆ ವೆಸ್ಟ್ ವರ್ಜೀನಿಯಾ ಮತ್ತು ವರ್ಮಾಂಟ್‌ಗಿಂತ ಒಳ್ಳೇ ಜೋಡಿ ಸಿಗಲ್ಲ.

ವೆಸ್ಟ್ ವರ್ಜೀನಿಯಾ ಕಲ್ಲಿದ್ದಲಿನ ನಾಡು, ಗಣಿ ಕಾರ್ಮಿಕರ ಯೂನಿಯನ್ ನಾಡು. 1921ರಲ್ಲಿ ಬ್ಲೇರ್ ಮೌಂಟನ್ ಅನ್ನೋ ಕಡೆ ಗಣಿ ಕೆಲಸಗಾರರು ಬಂದೂಕು ಹಿಡಿದು ಮಾಲೀಕರ ಪರ ಇದ್ದ ಶೆರಿಫ್ ಪಡೆ ಜೊತೆ ಕಾದಾಡಿದ್ರು, ಕೊನೆಗೆ ಕೇಂದ್ರದಿಂದ ಸೈನ್ಯಾನೇ ಬರಬೇಕಾಯ್ತು. ಇಂಥಾ ಜನ ರೂಸ್‌ವೆಲ್ಟ್ ಕಾಲದಿಂದ ಡೆಮಾಕ್ರಾಟರ ಬೆನ್ನಿಗೆ ನಿಂತ್ರು. ರೇಗನ್ ಅಲೆ ಎದ್ದ 1980ರಲ್ಲೂ ಕಾರ್ಟರ್‌ಗೇ ಹಾಕಿದ್ರು, 1988ರಲ್ಲಿ ಡೆಮಾಕ್ರಾಟ್ ಡುಕಾಕಿಸ್ ದೇಶದ ಹೆಚ್ಚಿನ ಕಡೆ ಸೋಲುವಾಗಲೂ ಇಲ್ಲಿ ಗೆದ್ದರು. ಆಮೇಲೆ 2000 ಬಂತು. ಪರಿಸರ, ಹವಾಮಾನ ಅಂತ ಮಾತಾಡೋ ಅಲ್ ಗೋರ್ ನಿಂತ್ರು, ಇಲ್ಲಿಯವರಿಗೆ ಇದು ನಮ್ಮ ಅನ್ನಕ್ಕೇ ಕಲ್ಲು ಹಾಕೋ ಮಾತು ಅನ್ನಿಸ್ತು, ಬುಷ್ ಗೆದ್ದರು. ಎಲ್ಲರೂ ಬುಷ್ ಫ್ಲೋರಿಡಾನ ಬರೀ 537 ವೋಟಿನಲ್ಲಿ ಗೆದ್ದು ಪ್ರೆಸಿಡೆಂಟ್ ಆದ ಕಥೇನೇ ಹೇಳ್ತಾರೆ, ಆದ್ರೆ ಆ ಸಲ ಗೋರ್‌ಗೆ ಬಂದಿದ್ದು 266, ವೆಸ್ಟ್ ವರ್ಜೀನಿಯಾದ 5 ಎಲೆಕ್ಟೋರಲ್ ವೋಟು ಕೈ ಬಿಡದೇ ಇದ್ದಿದ್ರೆ 271 ಆಗಿ ಫ್ಲೋರಿಡಾನೇ ಬೇಕಾಗಿರಲಿಲ್ಲ! ಅಲ್ಲಿಂದಾಚೆಗೆ ಆ ರಾಜ್ಯ ವಾಪಸ್ ಬಂದಿಲ್ಲ. 2012ರಿಂದ ಇಲ್ಲಿಯವರೆಗೆ ಅಲ್ಲಿನ 55 ಕೌಂಟಿಯಲ್ಲಿ (ನಮ್ಮ ಜಿಲ್ಲೆ ಥರ) ಒಂದೂ ಡೆಮಾಕ್ರಾಟರಿಗೆ ಒಲಿದಿಲ್ಲ, 2024ರಲ್ಲಿ ಟ್ರಂಪ್‌ಗೆ ಸುಮಾರು 70 ಪರ್ಸೆಂಟ್. ಅದೇ ಅಜ್ಜ, ಅದೇ ಮೊಮ್ಮಗ, ಅದೇ ಕಣಿವೆ. ಅಜ್ಜ ಯಾವ ಕಾರಣಕ್ಕೆ ಡೆಮಾಕ್ರಾಟ್ ಆಗಿದ್ನೋ ಮೊಮ್ಮಗ ಅದೇ ಕಾರಣಕ್ಕೆ ರಿಪಬ್ಲಿಕನ್ ಆದ ಅಂತ ನನಗನ್ಸುತ್ತೆ, ನಮ್ಮ ಕೆಲಸ ಉಳಿಸೋರು ಯಾರು ಅನ್ನೋದೇ ಇಬ್ಬರ ಪ್ರಶ್ನೆ.

ವರ್ಮಾಂಟ್ ಇದಕ್ಕೆ ಪೂರ್ತಿ ಉಲ್ಟಾ. ರಿಪಬ್ಲಿಕನ್ ಪಕ್ಷ ಹುಟ್ಟಿದ್ದೇ ಗುಲಾಮಗಿರಿ ವಿರೋಧದಲ್ಲಿ, ವರ್ಮಾಂಟ್ ಮೊದಲಿಂದಲೂ ಆ ಕಡೆ. 1856ರಿಂದ 1960ರವರೆಗೆ ಒಂದೇ ಒಂದು ಎಲೆಕ್ಷನ್ ಬಿಡದೆ ರಿಪಬ್ಲಿಕನ್. 1936ರಲ್ಲಿ ರೂಸ್‌ವೆಲ್ಟ್ ಇಡೀ ದೇಶ ಗುಡಿಸಿ ಹಾಕಿದಾಗ ಸೋತಿದ್ದು ಎರಡೇ ರಾಜ್ಯ, ಮೇನ್ ಮತ್ತೆ ವರ್ಮಾಂಟ್. ಆವತ್ತು ಯಾರಾದ್ರೂ ಈ ಥರ ಪೋಸ್ಟ್ ಬರೆದಿದ್ರೆ ಎಂದೂ ಬದಲಾಗದ ರಾಜ್ಯ ಅಂತ ಮೊದಲು ಬರೆಯೋದೇ ವರ್ಮಾಂಟ್ ಹೆಸರು. ಆಮೇಲೆ ಅರವತ್ತು ಎಪ್ಪತ್ತರ ದಶಕದಲ್ಲಿ ನ್ಯೂಯಾರ್ಕ್ ಬಾಸ್ಟನ್ ಕಡೆಯಿಂದ ಊರು ಬೇಡ ಹಳ್ಳಿ ಬೇಕು ಅಂತ ಯುವಕರು ಬಂದು ನೆಲೆಸಿದ್ರು, ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಎಡಪಂಥೀಯ ನಾಯಕ ಬರ್ನಿ ಸ್ಯಾಂಡರ್ಸ್ ಕೂಡ ಹಾಗೆ ಬಂದೋರೇ, 1981ರಲ್ಲಿ ಬರ್ಲಿಂಗ್ಟನ್ ಮೇಯರ್ ಆದ್ರು. ಇತ್ತ ರಿಪಬ್ಲಿಕನ್ ಪಕ್ಷ ದಕ್ಷಿಣದ ಚರ್ಚುಗಳ ಕಡೆ ವಾಲಿತು. 1992ರಿಂದ ವರ್ಮಾಂಟ್ ಡೆಮಾಕ್ರಾಟ್, 2024ರಲ್ಲಿ ಹ್ಯಾರಿಸ್‌ಗೆ ಪರ್ಸೆಂಟ್ ಲೆಕ್ಕದಲ್ಲಿ ಅತಿ ದೊಡ್ಡ ಲೀಡ್ ಕೊಟ್ಟ ರಾಜ್ಯ ಅದೇ.

ದಕ್ಷಿಣದ ಕಥೆ ಇನ್ನೂ ಜೋರು. 1936ರಲ್ಲಿ ಸೌತ್ ಕ್ಯಾರೊಲಿನಾದಲ್ಲಿ ರೂಸ್‌ವೆಲ್ಟ್‌ಗೆ 98 ಪರ್ಸೆಂಟ್, ಮಿಸಿಸಿಪ್ಪಿಯಲ್ಲಿ 97. ಈಗಿನ ಯಾವ ರಾಜ್ಯಕ್ಕೂ ಅಂಥಾ ನಂಬರ್ ಇಲ್ಲ (ಕಪ್ಪು ಜನರಿಗೆ ವೋಟ್ ಹಾಕೋಕೇ ಬಿಡ್ತಿರಲಿಲ್ಲ ಅನ್ನೋದನ್ನೂ ಸೇರಿಸಿ ಓದಬೇಕು). 1964ರ ಜುಲೈನಲ್ಲಿ ಡೆಮಾಕ್ರಾಟ್ ಪ್ರೆಸಿಡೆಂಟ್ ಜಾನ್ಸನ್ ಕಪ್ಪು ಜನರ ವಿರುದ್ಧದ ಭೇದಭಾವ ತಡೆಯೋ ಸಿವಿಲ್ ರೈಟ್ಸ್ ಕಾಯ್ದೆಗೆ ಸಹಿ ಹಾಕಿದ್ರು, ನವೆಂಬರ್‌ನಲ್ಲಿ ಅದೇ ಮಿಸಿಸಿಪ್ಪಿ ಆ ಕಾಯ್ದೆ ವಿರುದ್ಧ ಸೆನೆಟ್‌ನಲ್ಲಿ ವೋಟ್ ಹಾಕಿದ್ದ ರಿಪಬ್ಲಿಕನ್ ಕ್ಯಾಂಡಿಡೇಟ್ ಗೋಲ್ಡ್‌ವಾಟರ್‌ಗೆ 87 ಪರ್ಸೆಂಟ್ ಕೊಡ್ತು. ನಾಲ್ಕೇ ತಿಂಗಳು.

ಸರಿ ಹಾಗಾದ್ರೆ ಈಗ ನನ್ನ ಲೆಕ್ಕದಲ್ಲಿ ಯಾರು ಗಟ್ಟಿ? ರಿಪಬ್ಲಿಕನ್ ಕಡೆ ಕಣ್ಮುಚ್ಚಿ ವೈಯೋಮಿಂಗ್ ಅಂತೀನಿ. ಇಡೀ ರಾಜ್ಯದಲ್ಲಿ ಆರು ಲಕ್ಷ ಜನ ಕೂಡ ಇಲ್ಲ, ರಾಜಧಾನಿ ಶಯೆನ್ ಅಲ್ಲಿನ ದೊಡ್ಡ ಊರು, ಅದೂ ನಮ್ಮ ಒಂದು ತಾಲ್ಲೂಕು ಕೇಂದ್ರದಷ್ಟು. ಡೆಮಾಕ್ರಾಟ್ ಬೆಳೆಯೋಕೆ ಬೇಕಾಗೋ ದೊಡ್ಡ ಸಿಟಿ ಇಲ್ಲ, ಸಿಟಿ ಸುತ್ತ ಸಬರ್ಬ್ ಇಲ್ಲ, ದೇಶದ ಕಲ್ಲಿದ್ದಲಲ್ಲಿ ಸುಮಾರು 40 ಪರ್ಸೆಂಟ್ ಅಲ್ಲಿಂದಲೇ ಹೊರಡುತ್ತೆ. 2024ರಲ್ಲಿ ಟ್ರಂಪ್‌ಗೆ 72 ಪರ್ಸೆಂಟ್ ಹತ್ರ. ಬುಷ್ ಕಾಲದ ವೈಸ್ ಪ್ರೆಸಿಡೆಂಟ್ ಡಿಕ್ ಚೇನಿ ಮಗಳು ಲಿಜ್ ಚೇನಿ, ಮೂರು ಸಲ ಸಂಸತ್ತಿಗೆ ಆರಿಸಿ ಕಳ್ಸಿದ್ದವರು, ಟ್ರಂಪ್ ವಿರುದ್ಧ ತಿರುಗಿಬಿದ್ರು ಅಂತ 2022ರ ಪ್ರೈಮರಿಯಲ್ಲಿ (ಪಕ್ಷದೊಳಗೆ ಕ್ಯಾಂಡಿಡೇಟ್ ಆರಿಸೋ ಎಲೆಕ್ಷನ್) ಸ್ವಂತ ಪಕ್ಷದವರೇ 37 ಪರ್ಸೆಂಟ್ ಅಂತರದಲ್ಲಿ ಮನೆಗೆ ಕಳಿಸಿದ್ರು, ಮನೆತನ ಗಿನೆತನ ಏನೂ ನೋಡಲಿಲ್ಲ. ಒಕ್ಲಹೋಮಾನ ಎರಡನೇ ಜಾಗದಲ್ಲಿ ಇಡ್ತೀನಿ, 2004ರಿಂದ ಅಲ್ಲಿನ 77 ಕೌಂಟಿಗೆ ಎಪ್ಪತ್ತೇಳೂ ರಿಪಬ್ಲಿಕನ್, ಆದ್ರೆ ಒಕ್ಲಹೋಮಾ ಸಿಟಿ ನಿಧಾನಕ್ಕೆ ಮೆತ್ತಗಾಗ್ತಾ ಇದೆ. ಅದೇ ಒಂಬತ್ತರ ಪಟ್ಟಿಯಲ್ಲಿರೋ ಅಲಾಸ್ಕಾ, ಕ್ಯಾನ್ಸಸ್ ಅಷ್ಟು ಗಟ್ಟಿ ಅಲ್ಲ. ಕ್ಯಾನ್ಸಸ್‌ನವರು 2022ರಲ್ಲಿ ಅಬಾರ್ಷನ್ ಹಕ್ಕು ತೆಗೆದು ಹಾಕೋ ಪ್ರಸ್ತಾಪನ 59 ಪರ್ಸೆಂಟ್‌ನಲ್ಲಿ ತಿರಸ್ಕರಿಸಿದ್ರು, ಡೆಮಾಕ್ರಾಟ್ ಲಾರಾ ಕೆಲ್ಲಿನ ಎರಡು ಸಲ ಗವರ್ನರ್ ಮಾಡಿದ್ರು. ಹಾಗಂತ ಪ್ರೆಸಿಡೆಂಟ್ ಎಲೆಕ್ಷನ್‌ಗೆ ಬದಲಾಯಿಸಿದ್ರಾ? ಇಲ್ಲ. ವಿಧಾನಸಭೆಗೆ ಒಂದು ಪಕ್ಷ, ವರ್ಷದೊಳಗೆ ಲೋಕಸಭೆಗೆ ಇನ್ನೊಂದು ಪಕ್ಷ ಅಂತ 2013-14ರಲ್ಲೂ 2023-24ರಲ್ಲೂ ಹಾಕಿದ ಕರ್ನಾಟಕದವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ.

ಡೆಮಾಕ್ರಾಟ್ ಕಡೆ ವಾಷಿಂಗ್ಟನ್ ಡಿ.ಸಿ. ಬಿಟ್ಟುಬಿಡೋಣ, ಅದು ರಾಜ್ಯಾನೇ ಅಲ್ಲ, 1964ರಲ್ಲಿ ಮೊದಲ ಸಲ ವೋಟ್ ಹಾಕಿದಾಗಿನಿಂದ ಒಮ್ಮೆಯೂ ರಿಪಬ್ಲಿಕನ್ನರ ಕಡೆ ಹೋಗಿಲ್ಲ. ರಾಜ್ಯಗಳಲ್ಲಿ ತುಂಬಾ ಜನ ವರ್ಮಾಂಟ್ ಅಥವಾ ಕ್ಯಾಲಿಫೋರ್ನಿಯಾ ಅಂತಾರೆ, ನನ್ನ ವೋಟು ಮೇರಿಲ್ಯಾಂಡ್‌ಗೆ. ವರ್ಮಾಂಟ್ ಬಿಳಿಯರೇ ತುಂಬಿರೋ ಹಳ್ಳಿಗಾಡಿನ ರಾಜ್ಯ, ಅಂಥಾ ಊರುಗಳು ಬೇರೆಲ್ಲ ಕಡೆ ರಿಪಬ್ಲಿಕನ್ ಕಡೆ ಜಾರಿವೆ, ಹತ್ತಿರದಲ್ಲೇ ಇರೋ ಮೇನ್‌ನ ಎರಡನೇ ಕ್ಷೇತ್ರ 2016ರಿಂದ ಟ್ರಂಪ್ ಕಡೆ. ಮೇರಿಲ್ಯಾಂಡ್‌ನಲ್ಲಿ ಸುಮಾರು 30 ಪರ್ಸೆಂಟ್ ಕಪ್ಪು ಜನ, ಫೆಡರಲ್ ಸರ್ಕಾರದ ನೌಕರರು, ಓದಿದ ಸಬರ್ಬ್‌ನೋರು, ಮೂರೂ ಗುಂಪು ಒಟ್ಟಿಗೆ ಮುನಿಸ್ಕೊಳ್ಳೋದು ಕಷ್ಟ. ಎರಡು ಸಲ ಗವರ್ನರ್ ಆಗಿದ್ದ ಲ್ಯಾರಿ ಹೋಗನ್ ರಿಪಬ್ಲಿಕನ್ ಆದ್ರೂ ಅಲ್ಲಿ ಜನಪ್ರಿಯ, ಅವರೇ 2024ರಲ್ಲಿ ಸೆನೆಟ್‌ಗೆ ನಿಂತಾಗ ಸೋಲಿಸಿ ಕೂರಿಸಿದ್ರು.

ಗಟ್ಟಿ ಅಂದ್ಕೊಂಡು ಮೋಸ ಹೋಗಬಹುದಾದ್ದು ನ್ಯೂಜೆರ್ಸಿ. ಅಲ್ಲಿನ ಎಡಿಸನ್ ಊರಿನ ಕಡೆ ಇರೋ ನಮ್ಮ ಕನ್ನಡದ ಸ್ನೇಹಿತರು ಇದನ್ನ ಒಪ್ಪಲ್ಲ, ಆದ್ರೆ ಬೈಡನ್‌ಗೆ 16 ಪರ್ಸೆಂಟ್ ಇದ್ದ ಲೀಡ್ ಹ್ಯಾರಿಸ್‌ಗೆ ಆರಕ್ಕಿಂತ ಕಮ್ಮಿ ಆಯ್ತು, ಒಂದೇ ಎಲೆಕ್ಷನ್‌ನಲ್ಲಿ.

ಇನ್ನು ನಮ್ಮ ಟೆಕ್ಸಸ್. ಡಲ್ಲಾಸ್ ಸುತ್ತಮುತ್ತ ಪ್ರತಿ ಎಲೆಕ್ಷನ್‌ಗೂ "ಈ ಸಲ ಟೆಕ್ಸಸ್ ನೀಲಿ ಆಗುತ್ತೆ ನೋಡ್ತಿರಿ" ಅನ್ನೋರು ಒಬ್ಬರಾದ್ರೂ ಇದ್ದೇ ಇರ್ತಾರೆ. ಕಾರಣ ಇಲ್ಲದೇ ಹೇಳ್ತಿರಲಿಲ್ಲ ಪಾಪ, 2018ರಲ್ಲಿ ಬೆಟೊ ಓರೂರ್ಕ್ ಸೆನೆಟ್ ಸೀಟನ್ನ ಮೂರು ಪರ್ಸೆಂಟ್ ಒಳಗೆ ಸೋತಿದ್ರು, 2020ರಲ್ಲಿ ಟ್ರಂಪ್ ಲೀಡ್ ಆರರ ಒಳಗೆ ಇಳಿದಿತ್ತು. ಹಿಸ್ಪಾನಿಕ್ ಜನ ಹೆಚ್ಚಾದ ಹಾಗೆ ರಾಜ್ಯ ತಾನಾಗೇ ತಿರುಗುತ್ತೆ ಅನ್ನೋ ಲೆಕ್ಕ. 2024ರಲ್ಲಿ ಲೀಡ್ 13 ದಾಟಿತು. ಮೆಕ್ಸಿಕೋ ಗಡಿಯ ಸ್ಟಾರ್ ಕೌಂಟಿ, ಹೆಚ್ಚು ಕಮ್ಮಿ ಪೂರ್ತಿ ಹಿಸ್ಪಾನಿಕ್, 1892ರ ನಂತರ ಮೊದಲ ಸಲ ರಿಪಬ್ಲಿಕನ್‌ಗೆ ಹಾಕ್ತು. ಜಾತಿ ಜನಾಂಗ ಎಣಿಸಿ ವೋಟ್ ಲೆಕ್ಕ ಹಾಕೋರಿಗೆ ಇದಕ್ಕಿಂತ ದೊಡ್ಡ ಏಟು ಬೇಡ. ಇಂಡಿಯನ್ನರು ಅಂದ್ರೆ ಡೆಮಾಕ್ರಾಟ್ ಅನ್ನೋ ಲೆಕ್ಕಾನೂ ನಾನು ನಂಬಲ್ಲ. ಎಚ್-1ಬಿ ವೀಸಾದಲ್ಲಿ ಗ್ರೀನ್ ಕಾರ್ಡಿಗೆ ಕಾಯ್ತಾ ಕೂತವರಿಗಂತೂ ವೋಟೇ ಇಲ್ಲ, ಅವರ ಚರ್ಚೆ ಕೇಳಬೇಕು ನೀವು!

ಇದರಲ್ಲಿ ನನಗೆ ಬೇಜಾರಾಗೋದು ಒಂದೇ. 2024ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಟ್ರಂಪ್‌ಗೆ ಬಿದ್ದ ವೋಟು 60 ಲಕ್ಷದ ಮೇಲೆ, ವೈಯೋಮಿಂಗ್ ಜನಸಂಖ್ಯೆಯ ಹತ್ತು ಪಟ್ಟು, ಅದರಿಂದ ಒಂದೂ ಎಲೆಕ್ಟೋರಲ್ ವೋಟು ಬರಲಿಲ್ಲ. ಟೆಕ್ಸಸ್‌ನಲ್ಲಿ ಹ್ಯಾರಿಸ್‌ಗೆ ಹಾಕಿದ 48 ಲಕ್ಷ ಜನರದ್ದೂ ಅದೇ ಗತಿ. ಇವರ ಹತ್ರ ವೋಟ್ ಕೇಳೋಕೂ ಯಾರೂ ಬರಲ್ಲ, ಬಂದ್ರೆ ಫಂಡ್ ಎತ್ತೋಕೆ ಬರ್ತಾರೆ ಅಷ್ಟೇ.

ಡೆಮಾಕ್ರಾಟರು ನಿಜಕ್ಕೂ ತಲೆ ಕೆಡಿಸ್ಕೋಬೇಕಾಗಿರೋದು ಬೇರೆ. 2024ರಲ್ಲಿ ಹ್ಯಾರಿಸ್‌ಗೆ ಸಿಕ್ಕ 226ಕ್ಕೆ ಪೆನ್ಸಿಲ್ವೇನಿಯಾ 19, ಮಿಷಿಗನ್ 15, ವಿಸ್ಕಾನ್ಸಿನ್ 10 ಸೇರಿಸಿದ್ರೆ ಸರಿಯಾಗಿ 270 ಆಗ್ತಿತ್ತು, ಒಂದೂ ಹೆಚ್ಚಿಲ್ಲ ಕಮ್ಮಿ ಇಲ್ಲ. 2030ರ ಜನಗಣತಿ ಆದ್ಮೇಲೆ ಕ್ಯಾಲಿಫೋರ್ನಿಯಾ ಸೀಟು ಕಳ್ಕೊಂಡು ಟೆಕ್ಸಸ್, ಫ್ಲೋರಿಡಾಗೆ ಸೀಟು ಜಾಸ್ತಿ ಆಗುತ್ತೆ ಅನ್ನೋದು ಈಗಿನ ಅಂದಾಜು. ಹಾಗಾದ್ರೆ 2032ಕ್ಕೆ ಈ ಮೂರೂ ರಾಜ್ಯ ಗೆದ್ರೂ ಸಾಕಾಗಲ್ಲ. ಮೇರಿಲ್ಯಾಂಡ್ ಎಷ್ಟೇ ಗಟ್ಟಿ ಇದ್ರೂ ಅದರ ಹತ್ತು ವೋಟು ಹನ್ನೊಂದು ಆಗಲ್ಲ, ಜಾರ್ಜಿಯಾನೋ ಅರಿಜೋನಾನೋ ನಾರ್ತ್ ಕ್ಯಾರೊಲಿನಾನೋ ಒಂದನ್ನಾದ್ರೂ ಹೊಸದಾಗಿ ಒಲಿಸ್ಕೊಳ್ಳಲೇಬೇಕು. ಟೆಕ್ಸಸ್ ಮಾತ್ರ 2028ಕ್ಕಲ್ಲ 2032ಕ್ಕೂ ತಿರುಗಲ್ಲ ಅಂತ ನಾನು ಒಂದು ಬಿರಿಯಾನಿ ಊಟ ಬೆಟ್ ಕಟ್ಟೋಕೆ ರೆಡಿ.