ಆಗದೇ ಹೋದ ಗೋಲುಗಳ ಲೆಕ್ಕ

ಮೊದಲು ಎರಡು ಸಂಖ್ಯೆ ನೋಡಿ. 1979–80ರಲ್ಲಿ ಕೆನಡಾದ ಕ್ವಿಬೆಕ್‌ನ ಜೂನಿಯರ್ ಲೀಗ್‌ನಲ್ಲಿ ಚಿಕೂಟಿಮಿ ತಂಡಕ್ಕೆ ಆಡುತ್ತಿದ್ದ ಗೀ ಕಾರ್ಬೊನೊ ಅನ್ನೋ ಹುಡುಗ ಒಂದೇ ಸೀಸನ್ನಿನಲ್ಲಿ 182 ಪಾಯಿಂಟ್ ತೆಗೆದ. 72 ಗೋಲು ತಾನೇ ಹೊಡೆದ, 110 ಗೋಲಿಗೆ ಪಾಸ್ ಕೊಟ್ಟ. (ಐಸ್ ಹಾಕಿಯಲ್ಲಿ ಗೋಲು ಹೊಡೆದರೂ ಒಂದು ಪಾಯಿಂಟ್, ಹೊಡೆಸಿದರೂ ಒಂದು ಪಾಯಿಂಟ್.) ಅದೇ ಹುಡುಗ ಆಮೇಲೆ ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ 1,318 ಪಂದ್ಯ ಆಡಿದ. ಅಷ್ಟೂ ಪಂದ್ಯ ಸೇರಿಸಿದರೆ ಅವನ ಗೋಲು 260.

ಮೊನ್ನೆ ಗೆಳೆಯರೊಬ್ಬರು ಇದನ್ನು ನೋಡಿ, "ಜೂನಿಯರ್‌ನಲ್ಲಿ ಹುಲಿ, ದೊಡ್ಡ ಲೀಗ್‌ಗೆ ಬಂದ ಮೇಲೆ ಸಪ್ಪೆ" ಅಂದರು. ನನಗೆ ತಡೆಯೋಕಾಗಲಿಲ್ಲ. ಅಲ್ಲೇ ಒಂದು ಗಂಟೆ ವಾದ ಮಾಡಿದೆ, ಆದರೂ ಸಮಾಧಾನ ಆಗದೆ ಇಲ್ಲಿ ಬರೆಯುತ್ತಿದ್ದೇನೆ.

ಈ ಆಟ ನೋಡೋದನ್ನು ನನಗೆ ಕಲಿಸಿದ್ದು ಮಾಂಟ್ರಿಯಲ್‌ನಲ್ಲಿ ನಮ್ಮ ಕೆಳಗಿನ ಮನೆಯ ಹಿರಿಯರು. ನಾನು ಇಲ್ಲಿಗೆ ಬಂದ ಮೊದಲ ಚಳಿಗಾಲ, ಹೊರಗೆ ಕಾಲಿಡೋಕಾಗದಷ್ಟು ಹಿಮ. ಅವರ ಮನೆಯಲ್ಲಿ ಕೂತು 1993ರ ಫೈನಲ್‌ನ ಹಳೆಯ ರೆಕಾರ್ಡಿಂಗ್ ನೋಡುತ್ತಿದ್ದೆವು. ನನಗೆ ಪಕ್ (ಚೆಂಡಿನ ಬದಲು ಇರೋ ರಬ್ಬರ್ ಬಿಲ್ಲೆ) ಎಲ್ಲಿದೆ ಅಂತ ಹುಡುಕೋದೇ ಕೆಲಸ. ಅವರು ಟಿವಿ ನಿಲ್ಲಿಸಿ, "ಪಕ್ ಹಿಂದೆ ಹೋಗಬೇಡ, 21ನೇ ನಂಬರಿನವನನ್ನು ಮಾತ್ರ ನೋಡು" ಅಂದರು. ಅವನೇ ಕಾರ್ಬೊನೊ. ಹತ್ತು ನಿಮಿಷ ಹಾಗೇ ನೋಡಿದೆ. ಅಲ್ಲಿಯವರೆಗೆ ನಾನು ನೋಡಿದ್ದು ಬೇರೆ ಯಾವುದೋ ಆಟ ಅನ್ನಿಸಿತು.

ಕಾರ್ಬೊನೊ ಹುಟ್ಟಿದ್ದು 1960ರಲ್ಲಿ, ಸೆಟ್‌ಇಲ್ ಅನ್ನೋ ಊರಲ್ಲಿ. 1979ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳೋದು) ಮಾಂಟ್ರಿಯಲ್ ಕೆನಡಿಯನ್ಸ್ ಅವನನ್ನು 44ನೆಯವನಾಗಿ ಆರಿಸಿಕೊಂಡಿತು. ಎರಡು ವರ್ಷ ನೋವಾ ಸ್ಕೋಶಿಯಾದಲ್ಲಿ ಕೆಳಗಿನ ಲೀಗ್‌ನಲ್ಲಿ ಆಡಿಸಿ, 1982ರಲ್ಲಿ ಮೇಲಕ್ಕೆ ಕರೆಸಿಕೊಂಡರು. ಅಲ್ಲಿ ಗೀ ಲಾಫ್ಲರ್‌ನಂಥ ಗೋಲುಗಾರ ಆಗಲೇ ಇದ್ದ. ಬಾಬ್ ಗೇನಿಯೂ ಇದ್ದ. ಗೇನಿ ಅಂದರೆ ಎದುರಾಳಿಯನ್ನು ಕಟ್ಟಿಹಾಕೋದನ್ನೇ ಕಸುಬು ಮಾಡಿಕೊಂಡ ಫಾರ್ವರ್ಡ್. ರಕ್ಷಣೆಯಲ್ಲಿ ಮೇಲುಗೈ ಇರೋ ಫಾರ್ವರ್ಡ್‌ಗೆ ಕೊಡುವ ಸೆಲ್ಕಿ ಟ್ರೋಫಿ 1978ರಲ್ಲಿ ಶುರುವಾಯಿತು, ಮೊದಲ ನಾಲ್ಕು ವರ್ಷ ಗೆದ್ದವನು ಅವನೇ. 72 ಗೋಲಿನ ಹುಡುಗ ಲಾಫ್ಲರ್ ದಾರಿ ಬಿಟ್ಟು ಗೇನಿ ದಾರಿ ಹಿಡಿದ. ಇಪ್ಪತ್ತೆರಡರ ವಯಸ್ಸಿನಲ್ಲಿ, ಕೈಯಲ್ಲಿರೋ ವಿದ್ಯೆಯನ್ನು ಪಕ್ಕಕ್ಕಿಟ್ಟು, ಯಾರೂ ಚಪ್ಪಾಳೆ ತಟ್ಟದ ಕೆಲಸ ಕಲಿಯೋಕೆ ಕೂರೋದು ಸುಲಭ ಅಲ್ಲ. ಅದನ್ನು ಸೋಲು ಅಂತ ಕರೆದರೆ ನನಗೆ ಸಂಕಟ ಆಗುತ್ತೆ.

ಆ ಕೆಲಸ ಏನು ಅಂತ ಹೇಳುತ್ತೇನೆ. ತಂಡದಲ್ಲಿ ಒಬ್ಬನಿಗೆ ಪೆನಾಲ್ಟಿ ಬಿತ್ತು ಅಂದುಕೊಳ್ಳಿ. ಎರಡು ನಿಮಿಷ ಐದು ಜನರ ಎದುರು ನಾಲ್ಕೇ ಜನ, ಹಿಂದೆ ಗೋಲ್‌ಕೀಪರ್. ಫೇಸ್‌ಆಫ್ (ಇಬ್ಬರ ನಡುವೆ ಪಕ್ ಬೀಳಿಸಿ ಆಟ ಶುರು ಮಾಡೋದು) ನಮ್ಮ ಗೋಲಿನ ಪಕ್ಕದಲ್ಲೇ. ಕಾರ್ಬೊನೊ ಬಗ್ಗಿ ನಿಲ್ಲುತ್ತಾನೆ, ಕೆಳಗಿನ ಕೈ ಸ್ಟಿಕ್‌ನ ತುದಿಗೆ ಹತ್ತಿರ ಇಳಿದಿರುತ್ತೆ, ಕಣ್ಣು ಮಾತ್ರ ಪಕ್ ಬೀಳಿಸುವ ಲೈನ್ಸ್‌ಮನ್ ಕೈ ಮೇಲೆ. ಪಕ್ ಬಿತ್ತೋ ಇಲ್ಲವೋ, ಹಿಂದಕ್ಕೆ ಎಳೆದು ತನ್ನವನಿಗೆ ಕೊಟ್ಟಾಯಿತು. ಅದು ಸಿಗದಿದ್ದರೆ ಇನ್ನೂ ಕಷ್ಟ. ಎದುರಿನವನು ದೂರದಿಂದ ಹೊಡೆಯೋಕೆ ಸ್ಟಿಕ್ ಎತ್ತುತ್ತಾನೆ. ಪಕ್ ಅಂದರೆ 170 ಗ್ರಾಂ ತೂಕದ ಗಟ್ಟಿ ರಬ್ಬರ್, ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಬರುತ್ತೆ. ಬೇರೆ ಯಾರೇ ಆದರೂ ಪಕ್ಕಕ್ಕೆ ಸರಿಯುತ್ತಾರೆ. ಇವನು ಆ ಸ್ಟಿಕ್ ಕೆಳಗೆ ಬರುವ ಹೊತ್ತಿಗೆ ಮಂಡಿಯೂರಿ ಜಾರಿಕೊಂಡು ಅದರ ಎದುರಿಗೇ ಹೋಗುತ್ತಾನೆ. ಮೈಗೆ ಬಡಿಸಿಕೊಳ್ಳುತ್ತಾನೆ. ಎದ್ದು ಕುಂಟುತ್ತಾ ಮತ್ತೆ ತನ್ನ ಜಾಗಕ್ಕೆ ಬಂದು ನಿಲ್ಲುತ್ತಾನೆ. ಆ ಕಾಲದ ಸ್ಕೋರ್ ಶೀಟ್‌ನಲ್ಲಿ ಇದಕ್ಕೆ ಒಂದು ಗೆರೆಯೂ ಇಲ್ಲ.

1986ರಲ್ಲಿ ಸ್ಟ್ಯಾನ್ಲಿ ಕಪ್ (ಎನ್‌ಎಚ್‌ಎಲ್ ಚಾಂಪಿಯನ್‌ಗೆ ಸಿಗುವ ಕಪ್) ಗೆದ್ದ ತಂಡದಲ್ಲಿ ಅವನಿದ್ದ. ಸೆಲ್ಕಿ ಟ್ರೋಫಿ 1988ರಲ್ಲಿ ಬಂತು, 1989ರಲ್ಲಿ ಬಂತು, 1992ರಲ್ಲಿ ಮತ್ತೆ ಬಂತು. 1989ರಲ್ಲಿ ಗೇನಿ ನಿವೃತ್ತನಾದ ಮೇಲೆ ಅವನೇ ಕ್ಯಾಪ್ಟನ್, ಮೊದಲ ವರ್ಷ ಕ್ರಿಸ್ ಚೆಲಿಯೋಸ್ ಜೊತೆಗೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ 1993ರ ಕತೆ. ಆ ಸೀಸನ್ನಿನಲ್ಲಿ ಕ್ಯಾಪ್ಟನ್ ಹೊಡೆದದ್ದು 61 ಪಂದ್ಯದಲ್ಲಿ 4 ಗೋಲು. ಹೌದು, ನಾಲ್ಕು. ಫೈನಲ್‌ನಲ್ಲಿ ಎದುರಿಗೆ ಲಾಸ್ ಏಂಜಲೀಸ್ ಕಿಂಗ್ಸ್, ಅಂದರೆ ಆ ಕಾಲದ ಅತಿ ದೊಡ್ಡ ಆಟಗಾರ ವೇನ್ ಗ್ರೆಟ್ಸ್ಕಿ. ಸೆಮಿಫೈನಲ್‌ನ ಏಳನೇ ಪಂದ್ಯದಲ್ಲಿ ಮೂರು ಗೋಲು ಹೊಡೆದು ಟೊರಾಂಟೊವನ್ನು ಮನೆಗೆ ಕಳಿಸಿ ಬಂದಿದ್ದ. (ಇಲ್ಲಿ ಸೆಮಿಫೈನಲ್, ಫೈನಲ್ ಅಂದರೆ ಏಳು ಪಂದ್ಯದ ಸರಣಿ, ಮೊದಲು ನಾಲ್ಕು ಗೆದ್ದವರು ಗೆದ್ದಂತೆ.) ಫೈನಲ್‌ನ ಮೊದಲ ಪಂದ್ಯ ಕಿಂಗ್ಸ್ 4–1ರಲ್ಲಿ ಗೆದ್ದರು, ನಾಲ್ಕೂ ಗೋಲಿನಲ್ಲಿ ಗ್ರೆಟ್ಸ್ಕಿ ಕೈ ಇತ್ತು. ಆಮೇಲೆ ಕಾರ್ಬೊನೊ ಸೀದಾ ಕೋಚ್ ಜಾಕ್ ಡೆಮರ್ಸ್ ಹತ್ತಿರ ಹೋಗಿ, ಗ್ರೆಟ್ಸ್ಕಿಯನ್ನು ನನಗೆ ಬಿಡಿ ಅಂತ ಕೇಳಿದ. 33 ವರ್ಷ ವಯಸ್ಸು, ಮಂಡಿ ನೋವು ಬೇರೆ. ಎಲ್ಲರೂ ತಪ್ಪಿಸಿಕೊಳ್ಳೋಕೆ ನೋಡುವ ಕೆಲಸವನ್ನು ಬಾಯಿಬಿಟ್ಟು ಕೇಳಿ ಪಡೆದ. ಉಳಿದ ನಾಲ್ಕೂ ಪಂದ್ಯ ಮಾಂಟ್ರಿಯಲ್ ಗೆದ್ದಿತು, ಅದರಲ್ಲಿ ಮೂರು ಓವರ್‌ಟೈಮ್‌ನಲ್ಲಿ, ಅಂದರೆ ಸ್ಕೋರ್ ಸಮ ಆದಾಗ ಆಡುವ ಹೆಚ್ಚುವರಿ ಆಟದಲ್ಲಿ. ಎರಿಕ್ ಡೆಜಾರ್ಡನ್‌ನ ಹ್ಯಾಟ್ರಿಕ್ ಎಲ್ಲರಿಗೂ ನೆನಪಿದೆ, ಜಾನ್ ಲಕ್ಲೇರ್‌ನ ಗೋಲುಗಳು ನೆನಪಿವೆ, ಪ್ಯಾಟ್ರಿಕ್ ರುವಾ ಗೋಲಿನ ಬಾಗಿಲಲ್ಲಿ ನಿಂತದ್ದಂತೂ ಯಾರೂ ಮರೆಯಲ್ಲ. ಅದಾಗಿ ಮೂವತ್ತು ವರ್ಷ ಕಳೆದರೂ ಕೆನಡಾದ ಯಾವ ತಂಡಕ್ಕೂ ಆ ಕಪ್ ಸಿಗಲಿಲ್ಲ.

ಕಪ್ ಕೈಗೆ ಬಂದ ಮೇಲೆ ಕಾರ್ಬೊನೊ ಅದನ್ನು ಮೊದಲು ಕೊಟ್ಟದ್ದು ಜೊತೆಗಾರ ಡೆನಿ ಸವಾರ್‌ಗೆ. ವರ್ಷಗಟ್ಟಲೆ ಆಡಿಯೂ ಕಪ್ ಮುಟ್ಟಿರದಿದ್ದ ಮನುಷ್ಯ.

ಮರುವರ್ಷವೇ ಊರು ಕಾರ್ಬೊನೊನನ್ನು ಬಿಟ್ಟುಕೊಟ್ಟಿತು. 1994ರಲ್ಲಿ ಬಾಸ್ಟನ್ ಎದುರು ಸೋತ ಮೇಲೆ, ಗಾಲ್ಫ್ ಆಡುತ್ತಿದ್ದಾಗ ಹಿಂದೆ ಬಿದ್ದ ಫೋಟೋಗ್ರಾಫರ್‌ಗೆ ನಡುಬೆರಳು ತೋರಿಸಿದ, ಫೋಟೋ ಪೇಪರ್‌ನಲ್ಲಿ ಬಂತು. ಅದು ತಪ್ಪೇ. ಆ ಬೇಸಿಗೆಯಲ್ಲೇ ಅವನನ್ನು ಸೇಂಟ್ ಲೂಯಿಸ್‌ಗೆ ಕೊಟ್ಟುಬಿಟ್ಟರು. ಒಂದು ವರ್ಷ ಆದ ಮೇಲೆ ಡಲ್ಲಾಸ್. ಅಲ್ಲಿಗೆ ಕರೆಸಿಕೊಂಡದ್ದು ಯಾರು ಗೊತ್ತಾ? ಗೇನಿ. 1999ರಲ್ಲಿ, 39ರ ವಯಸ್ಸಿನಲ್ಲಿ, ಮೂರನೇ ಕಪ್. ಬಫಲೋ ಎದುರಿನ ಕೊನೆಯ ಪಂದ್ಯ ಮೂರನೇ ಓವರ್‌ಟೈಮ್‌ವರೆಗೆ ಎಳೆಯಿತು. 2000ದಲ್ಲಿ ಆಟ ನಿಲ್ಲಿಸಿದ.

ಇಂಥವನು ಕೋಚ್ ಆಗದೆ ಇನ್ನೇನು ಆಗಬೇಕು? ಗೋಲು ಹೊಡೆಯೋನು ತನ್ನ ಆಟ ತಿಳಿದರೆ ಸಾಕು. ತಡೆಯೋನು ಎದುರಿಗಿರುವ ಐದೂ ಜನರ ಆಟ ಓದಬೇಕು, ಅದೂ ಅವರು ಆಡುವ ಮೊದಲೇ. 2006ರ ಜನವರಿಯಲ್ಲಿ ಮಾಂಟ್ರಿಯಲ್‌ನ ಜನರಲ್ ಮ್ಯಾನೇಜರ್ ಆಗಿದ್ದ ಗೇನಿ ಅವನನ್ನು ಕೋಚ್‌ಗಳ ಬೆಂಚಿಗೆ ಕರೆತಂದ, ಮುಂದಿನ ಸೀಸನ್‌ಗೆ ಅವನೇ ಹೆಡ್ ಕೋಚ್. ಮೊದಲ ವರ್ಷ ಕೊನೆಯ ದಿನ ಟೊರಾಂಟೊ ಎದುರು 6–5ರಲ್ಲಿ ಸೋತು ಪ್ಲೇಆಫ್ (ಕಪ್‌ಗಾಗಿ ನಡೆಯುವ ಕೊನೆಯ ಸುತ್ತುಗಳು) ತಪ್ಪಿತು. ಎರಡನೇ ವರ್ಷ, 2007–08, ನೋಡಬೇಕಿತ್ತು. 104 ಪಾಯಿಂಟ್ (ಇದು ತಂಡದ ಪಾಯಿಂಟ್, ಗೆಲುವಿಗೆ ಎರಡು), ಪೂರ್ವ ಭಾಗದಲ್ಲಿ ಮೊದಲ ಸ್ಥಾನ. ಇಡೀ ಲೀಗ್‌ನಲ್ಲೇ ಉತ್ತಮ ಪವರ್ ಪ್ಲೇ (ಪೆನಾಲ್ಟಿಯಿಂದ ಎದುರಾಳಿಗೆ ಒಬ್ಬ ಕಮ್ಮಿ ಇರುವಾಗಿನ ಆಟ) ಅವರದ್ದು. ತಡೆಯೋದರಲ್ಲೇ ಜೀವನ ಕಳೆದವನ ತಂಡ ಗೋಲಿನ ಮಳೆ ಸುರಿಸುತ್ತಿತ್ತು. ಜೊತೆಗಿದ್ದ ಕರ್ಕ್ ಮುಲ್ಲರ್, ಡಗ್ ಜಾರ್ವಿಸ್ ಪಾಲೂ ಇದರಲ್ಲಿದೆ. ಆದರೆ ಬೀಗ ಮಾಡೋದು ಗೊತ್ತಿದ್ದವನಿಗೆ ಅದನ್ನು ತೆಗೆಯೋದೂ ಗೊತ್ತಿರುತ್ತೆ ಅಂತ ನನ್ನ ನಂಬಿಕೆ. ಫೆಬ್ರವರಿ 19ರಂದು ನ್ಯೂಯಾರ್ಕ್ ರೇಂಜರ್ಸ್ ಎದುರು 5–0 ಹಿಂದಿದ್ದು, ಶೂಟ್‌ಔಟ್‌ನಲ್ಲಿ (ಒಬ್ಬೊಬ್ಬರೇ ಗೋಲ್‌ಕೀಪರ್ ಎದುರು ಹೊಡೆಯೋದು) 6–5 ಗೆದ್ದರು. ಆ ತಂಡದ ಇತಿಹಾಸದಲ್ಲೇ ಅಷ್ಟು ಹಿಂದಿನಿಂದ ಬಂದು ಗೆದ್ದಿರಲಿಲ್ಲ.

ಮುಂದಿನ ವರ್ಷ ತಂಡದ ನೂರನೇ ಸೀಸನ್. ಜನಕ್ಕೆ ಕಪ್ ಬೇಕೇ ಬೇಕಿತ್ತು. ಜನವರಿಯಿಂದ ಆಟ ಕುಸಿಯಿತು, ನಿಜ. ಆದರೂ ಪ್ಲೇಆಫ್ ಜಾಗದಲ್ಲೇ ಇದ್ದರು. 2009ರ ಮಾರ್ಚ್ 9ರಂದು, ಇನ್ನು 16 ಪಂದ್ಯ ಇರುವಾಗ, ಕಾರ್ಬೊನೊನನ್ನು ತೆಗೆದುಹಾಕಿದರು. ತೆಗೆದದ್ದು ಗೇನಿ. ದಾರಿ ತೋರಿಸಿದವನೇ, ಡಲ್ಲಾಸ್‌ಗೆ ಕರೆದವನೇ, ಕೋಚ್ ಮಾಡಿದವನೇ. ಗೇನಿ ಬಗ್ಗೆ ನನಗೆ ತುಂಬಾ ಗೌರವ ಇದೆ, ಆದರೆ ಅವತ್ತು ಅವನು ಮಾಡಿದ್ದು ತಪ್ಪು ಅಂತ ಇವತ್ತೂ ಹೇಳುತ್ತೇನೆ. 124 ಗೆಲುವು, 83 ಸೋಲು, ಓವರ್‌ಟೈಮ್ ಮತ್ತು ಶೂಟ್‌ಔಟ್‌ನಲ್ಲಿ ಸೋತದ್ದು 23. ಇದು ತೆಗೆದುಹಾಕುವ ಲೆಕ್ಕವಾ? ಗೇನಿಯೇ ಕೋಚ್ ಆಗಿ ಬೆಂಚಿಗೆ ಬಂದು ನಿಂತ, ಎಂಟನೇ ಸ್ಥಾನದಲ್ಲಿ ಪ್ಲೇಆಫ್ ಸೇರಿದರು, ಬಾಸ್ಟನ್ ನಾಲ್ಕಕ್ಕೆ ನಾಲ್ಕೂ ಪಂದ್ಯ ಗೆದ್ದು ಮನೆಗೆ ಕಳಿಸಿತು.

ಆಮೇಲೆ 2011ರಲ್ಲಿ ಸ್ವಲ್ಪ ದಿನ ಚಿಕೂಟಿಮಿಯ ಅದೇ ಹಳೆಯ ಜೂನಿಯರ್ ತಂಡಕ್ಕೆ ಕೋಚ್ ಆದ, ಟಿವಿಯಲ್ಲಿ ಆಟದ ವಿಶ್ಲೇಷಣೆ ಮಾಡಿದ. ಎನ್‌ಎಚ್‌ಎಲ್‌ನಲ್ಲಿ ಮತ್ತೆ ಹೆಡ್ ಕೋಚ್ ಆಗಲಿಲ್ಲ. ಹಾಲ್ ಆಫ್ ಫೇಮ್‌ಗೆ (ಆಟದ ದಿಗ್ಗಜರ ಗೌರವ ಪಟ್ಟಿ) 2003ರಿಂದಲೇ ಅರ್ಹನಾಗಿದ್ದ, ಸೇರಿಸಿಕೊಂಡದ್ದು 2019ರಲ್ಲಿ. ಹದಿನಾರು ವರ್ಷ! ಅಷ್ಟು ದಿನ ಕೇಳುತ್ತಿದ್ದದ್ದು ಒಂದೇ ಮಾತು, 663 ಪಾಯಿಂಟ್ ಕಮ್ಮಿ ಆಯಿತು ಅಂತ. ಮೂರು ಕಪ್, ಮೂರು ಸೆಲ್ಕಿ ಯಾವ ತಕ್ಕಡಿಯಲ್ಲೂ ತೂಗಲಿಲ್ಲವಾ?

ನನ್ನ ಗೆಳೆಯರಿಗೂ, ಇದನ್ನು ಓದಿ ತಲೆ ಅಲ್ಲಾಡಿಸುತ್ತಿರುವವರಿಗೂ ಒಂದೇ ವಿನಂತಿ. ಸುಮ್ನೆ ಒಂದು ಸಂಜೆ ಬಿಡುವು ಮಾಡಿಕೊಂಡು 1993ರ ಫೈನಲ್ ಹುಡುಕಿ ನೋಡಿ, ಎರಡನೇ ಪಂದ್ಯದಿಂದ ಶುರು ಮಾಡಿ. ಗ್ರೆಟ್ಸ್ಕಿ ಬೆಂಚಿನಿಂದ ಇಳಿದಾಗ ಪಕ್ ಬಿಟ್ಟುಬಿಡಿ. ಅವನ ಪಕ್ಕದಲ್ಲಿ, ಒಂದು ಸ್ಟಿಕ್‌ನಷ್ಟು ದೂರದಲ್ಲಿ, ಕೆಂಪು ಜರ್ಸಿಯವನೋ ಬಿಳಿ ಜರ್ಸಿಯವನೋ ಒಬ್ಬ 21ನೇ ನಂಬರಿನವನು ಇರುತ್ತಾನೆ ನೋಡಿ.