ಮದುವೆಗೆ ಕರೆದದ್ದು ನನ್ನನ್ನಾ, ನನ್ನ ಸೀರೆ ಬಣ್ಣವನ್ನಾ?

ನಿನ್ನೆ ಜಯನಗರದಲ್ಲಿ ಒಂದು ರಿಸೆಪ್ಷನ್. ವಾಟ್ಸಾಪ್ ಆಮಂತ್ರಣದ ಕೆಳಗೇ ಅಪ್ಪಣೆಯೂ ಇತ್ತು: 'ಥೀಮ್ ಪೇಸ್ಟಲ್. ಗಾಢ ಬಣ್ಣ ಬೇಡ.' ಹುಡುಗಿಯ ಸೋದರತ್ತೆ, ಎಪ್ಪತ್ತು ದಾಟಿದವರು, ಮೆರೂನ್ ಮೈಸೂರು ಸಿಲ್ಕ್ ಉಟ್ಟು ಬಂದಿದ್ದರು. ಅಷ್ಟುದ್ದ ಕ್ಯೂನಲ್ಲಿ ನಿಂತು ಸ್ಟೇಜ್ ಹತ್ತಿದರೆ ಫೋಟೋಗ್ರಾಫರ್ ಹುಡುಗ, "ಆಂಟಿ, ಸ್ವಲ್ಪ ಹಿಂದೆ ನಿಲ್ತೀರಾ? ಕಲರ್ ಹೊಡೀತಿದೆ" ಅಂದ. ಅವರು ಸೆರಗು ಹೊದ್ದುಕೊಂಡು ಸುಮ್ನೆ ಹಿಂದೆ ಸರಿದರು. ನನಗೆ ಮೈಯೆಲ್ಲ ಉರಿದುಹೋಯ್ತು.

ಹೊಡೀತಿದೆಯಂತೆ! ನಾಲ್ವಡಿಯವರ ಕಾಲದಲ್ಲಿ, 1912ರಲ್ಲಿ ಶುರುವಾದ ಕಾರ್ಖಾನೆಯ ಸೀರೆ ಅದು. ಜರಿಯಲ್ಲಿ ನಿಜವಾದ ಬೆಳ್ಳಿ, ಚಿನ್ನ ಇರುತ್ತೆ. ಹೊಳೀಲಿ ಅಂತಲೇ ನೇಯೋದು. ಇದೇ ಬೆಂಗಳೂರಲ್ಲಿ ಅದಕ್ಕಾಗಿ ಜನ ಬೆಳಗಾಗೆದ್ದು ಸರ್ಕಾರಿ ರೇಷ್ಮೆ ನಿಗಮದ (ಕೆಎಸ್‌ಐಸಿ) ಅಂಗಡಿ ಮುಂದೆ ಸಾಲು ನಿಲ್ತಾರೆ. ಮದುವೆಮನೆಯಲ್ಲಿ ಮಾತ್ರ ಹಿಂದಿನ ಸಾಲು.

ನಾನು ಇಳಕಲ್ ಕಡೆಯವಳು, ನಿಮಗೆ ಗೊತ್ತೇ ಇದೆ. ನಮ್ಮದು ದಾಳಿಂಬೆ ಕೆಂಪು, ಗಿಳಿ ಹಸಿರು. ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸುತ್ತಾರೆ. ಇಷ್ಟು ಕಷ್ಟಪಟ್ಟು ನೇಯ್ದ ಕೆಂಪು ಸೆರಗನ್ನ ಯಾರದೋ ಹಿಂದೆ ಬಚ್ಚಿಡಬೇಕಾ?

"ಅಮ್ಮಾ, ಫೋಟೋ ಚೆನ್ನಾಗಿ ಬರುತ್ತೆ, ಅದು ಕೊನೇವರೆಗೂ ಇರುತ್ತೆ ಅಲ್ವಾ" ಅಂತಾಳೆ ನನ್ನ ಮಗಳು. ಬರಲಿ ಬಿಡಿ. ಹಾಗಿದ್ರೆ ಬಡಿಸೋ ಹುಡುಗರಿಗೆ ಕೊಟ್ಟ ಹಾಗೆ ನಮಗೂ ಯೂನಿಫಾರ್ಮ್ ಕೊಟ್ಟುಬಿಡಿ, ಖರ್ಚು ನಿಮ್ಮದೇ. ಅಂದಹಾಗೆ, ಗಂಡಸರಿಗೆ ಈ ಕಾಟ ಇಲ್ಲ. ನಮ್ಮನೆಯವರು ಆಫೀಸಿನ ಕಪ್ಪು ಶರ್ಟಲ್ಲೇ ಬಂದು ಚಾಟ್ ಕೌಂಟರ್ ಹತ್ತಿರ ಆರಾಮಾಗಿದ್ದರು. ಯಾರಿಗೂ ಯಾವ ಕಲರ್ರೂ ಹೊಡೀಲಿಲ್ಲ!

ನಿಜ ಹೇಳ್ಲಾ? ನನಗೆ ಹೊಟ್ಟೆ ಉರಿಯೋದು ಸೀರೆ ಬೀರು ತೆಗೆದಾಗ. ರೇಷ್ಮೆ ಸೀರೆ ಉಟ್ಟು ಬಿಎಂಟಿಸಿ ಬಸ್ಸು ಹತ್ತೋಕಾಗುತ್ತಾ? ಅವು ಹೊರಗೆ ಬರೋದೇ ಮದುವೆಗಳಿಗೆ. ಅಲ್ಲೂ ಬೇಡ ಅಂದ್ರೆ ಮಡಿಕೆಯಲ್ಲೇ ಕೂತು ಜರಿ ಕಪ್ಪಾಗುತ್ತೆ, ಗೆರೆಗುಂಟ ಬಟ್ಟೆ ಸೀಳುತ್ತೆ. ನಾನು ಮಾತ್ರ ಒಂದು ಸಂಜೆಗೋಸ್ಕರ ತಿಳಿಗುಲಾಬಿ ಜಾರ್ಜೆಟ್ ಕೊಳ್ಳಬೇಕು.

ಮುಂದಿನ ತಿಂಗಳು ಮಲ್ಲೇಶ್ವರದಲ್ಲಿ ಇನ್ನೊಂದು ಮದುವೆ, ಥೀಮ್ 'ಸೇಜ್ ಗ್ರೀನ್' ಅಂತೆ. ನಾನು ಗಾಯತ್ರಿ ದಡಿಯ ಕೆಂಪು ಇಳಕಲ್ ತೆಗೆದಿಟ್ಟಾಯ್ತು. ಹಳೇ ಬ್ಲೌಸ್ ತೋಳು ಮಾತ್ರ ಬಿಗಿಯಾಗಿದೆ. ಹೇಳಿದ ದಿನಕ್ಕೆ ಹೊಲಿದು ಕೊಡೋ ಟೈಲರ್ ಗೊತ್ತಿದ್ದರೆ ಕಾಮೆಂಟಲ್ಲಿ ಹೇಳಿ.