ಸೆಕೆಂಡ್ ಹ್ಯಾಂಡ್ ಬ್ಯಾಗೂ ಮಲೆನಾಡಿನ ಬೂಷ್ಟೂ

ಮಲೆನಾಡಿನಲ್ಲಿ ಹಳೇ ಜೀಪಿಗಿರುವ ಮರ್ಯಾದೆ ಹೊಸ ಕಾರಿಗೂ ಇಲ್ಲ. ಮೂರು ಕೈ ದಾಟಿ ಬಂದ ಜೀಪು ಅಂಗಳದಲ್ಲಿ ನಿಂತರೆ ನೆರೆಯವರೆಲ್ಲ ಬಂದು, ಅಡಿಗೆ ಮಲಗಿ ಚಾಸಿಯ ತುಕ್ಕು ನೋಡಿ, 'ಒಳ್ಳೇ ವ್ಯಾಪಾರ ಮಾರಾಯ' ಎಂದು ಕಾಫಿ ಕುಡಿದು ಹೋಗುತ್ತಾರೆ. ಅದೇ ಮನೆಯ ಹುಡುಗಿ ಸೆಕೆಂಡ್ ಹ್ಯಾಂಡ್ ಬ್ಯಾಗು ತರಿಸಿದಳೆನ್ನಿ, 'ಯಾರೋ ಬಳಸಿ ಬಿಟ್ಟಿದ್ದನ್ನ ತಂದ್ಯೇನೇ?' ಎಂದು ಜಗಲಿಯಿಂದಲೇ ಅಜ್ಜಿಯ ಆಕ್ಷೇಪಣೆ. ನ್ಯಾಯ ಬೇರೆಬೇರೆ ಇರಬಹುದು, ಲೆಕ್ಕ ಮಾತ್ರ ಎರಡಕ್ಕೂ ಒಂದೇ.

ಒಂದು ಲಕ್ಷದ ಹೊಸ ಡಿಸೈನರ್ ಬ್ಯಾಗು ನಾಲ್ಕು ವರ್ಷಕ್ಕೆ ನಲವತ್ತು ಸಾವಿರಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. ಅರವತ್ತು ಸಾವಿರ ಮೊದಲು ಕೊಂಡವರ ತಲೆಗೆ. ನಲವತ್ತಕ್ಕೆ ಕೊಂಡವರು ಇನ್ನು ನಾಲ್ಕು ವರ್ಷ ಬಳಸಿ ಮೂವತ್ತಕ್ಕೆ ಮಾರಿದರೆ ಖರ್ಚು ಹತ್ತು ಸಾವಿರ. ಚರ್ಮ ಅದೇ, ಹೊಲಿಗೆ ಅದೇ. ಶನೆಲ್‌ನ ಕೆಲವು ಬ್ಯಾಗು, ಎರ್ಮೆಸ್‌ನ ಬರ್ಕಿನ್ ಎಂಬ ದುಬಾರಿ ಫ್ರೆಂಚ್ ಬ್ಯಾಗುಗಳು ಈ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಅವು ಬಳಸಿದ ಮೇಲೂ ಅಷ್ಟಾಗಿ ಇಳಿಯಲೊಲ್ಲವು. ಅಂಥದ್ದರಲ್ಲಿ ಹಳತು ಅಗ್ಗವೆಂಬ ಆಸೆ ಬೇಡ, ತೀರಾ ಅಗ್ಗಕ್ಕೆ ಸಿಕ್ಕಿತೆಂದರೆ ಅನುಮಾನಪಡಿ.

ಹೊಸದನ್ನು ಮುಟ್ಟಿ ನೋಡಬೇಕೆಂದರೆ ಶಿವಮೊಗ್ಗದಿಂದ ಮುನ್ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಬೇಕು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅವು ಸಿಗುವುದಿಲ್ಲ. ಹಳತಂತೂ ಮೊಬೈಲಿನ ಫೋಟೋದಲ್ಲೇ ಆರಿಸುವಂಥದ್ದು. ರಾಶಿ, ಬೆಟ್ಟೆ, ಗೊರಬಲು ಎಂದು ಅಡಿಕೆಯನ್ನು ಕಣ್ಣಳತೆಯಲ್ಲೇ ವಿಂಗಡಿಸುವ ಊರಿಗೆ ಇದೇನು ದೊಡ್ಡ ವಿದ್ಯೆಯಲ್ಲ. ಮಾರುವವರು ಮುಂಭಾಗದ ಚೆಂದದ ಫೋಟೋ ಹಾಕಿರುತ್ತಾರೆ, ಅದನ್ನು ಬಿಟ್ಟುಬಿಡಿ. ತಳದ ನಾಲ್ಕು ಮೂಲೆ, ಹಿಡಿಕೆ ಸೇರುವ ಜಾಗ, ಬಣ್ಣ ಬಳಿದ ಅಂಚು, ಬುಡಮೇಲು ಮಾಡಿದ ಒಳಬಟ್ಟೆ, ಇಷ್ಟನ್ನು ಹಗಲ ಬೆಳಕಿನಲ್ಲಿ ತೆಗೆದು ಕಳಿಸಲು ಹೇಳಿ. ಜಿಪ್ಪು ಎಳೆಯುವುದನ್ನು ವಿಡಿಯೋ ಮಾಡಿಸಿ. ಮೂಲೆ ಸವೆದಿದ್ದರೆ ಬಣ್ಣ ಹಚ್ಚಬಹುದು. ಹಿಡಿಕೆಯ ಬುಡ ಬಿರುಕುಬಿಟ್ಟಿದ್ದರೆ ಭಾರ ಹೊರುವ ಜಾಗವೇ ಹೋಯಿತು.

ಅಸಲಿಯೋ ನಕಲಿಯೋ ಎಂಬುದಕ್ಕೆ ಎಲ್ಲರೂ ಅಂಕೆ ಹುಡುಕುತ್ತಾರೆ. ಲೂಯಿ ವಿಟಾನ್ ಬ್ಯಾಗಿನ ಒಳಗೆ ಎರಡು ಅಕ್ಷರ, ನಾಲ್ಕು ಅಂಕೆ ಒತ್ತುತ್ತಿದ್ದರು. 2007ರಿಂದ ಈಚಿನದಾದರೆ ಒಂದನೇ ಮತ್ತು ಮೂರನೇ ಅಂಕೆ ಸೇರಿ ವಾರ, ಎರಡನೇ ಮತ್ತು ನಾಲ್ಕನೇ ಅಂಕೆ ಸೇರಿ ವರ್ಷ. 2130 ಎಂದಿದ್ದರೆ 2010ರ 23ನೇ ವಾರ, ಅಂದರೆ ನಮ್ಮಲ್ಲಿ ಮೃಗಶಿರಾ ಮಳೆ ಹಿಡಿಯುವ ಹೊತ್ತು. 7120 ಎಂದಿದ್ದರೆ 72ನೇ ವಾರ. ಅಂಥ ವಾರ ಯಾವ ಪಂಚಾಂಗದಲ್ಲೂ ಇಲ್ಲ. 2021ರಿಂದ ಈ ಅಂಕೆ ಹೋಗಿ ಚಿಪ್ ಬಂದಿದೆ, ಹಾಗಾಗಿ 2023ರದ್ದೆಂದು ಹೇಳುವ ಬ್ಯಾಗಿನಲ್ಲಿ ಅಂಕೆ ಕಂಡರೂ ಹುಷಾರು. ಅಂಕೆ ಸರಿಯಿದ್ದ ಮಾತ್ರಕ್ಕೆ ಅಸಲಿ ಎನ್ನಲೂ ಬರುವುದಿಲ್ಲ, ಈ ಲೆಕ್ಕ ನಕಲು ಮಾಡುವವರಿಗೂ ಗೊತ್ತು. ಹೊಲಿಗೆ ನೋಡಿ: ಎಡಬಲದ ಪಟ್ಟಿಗಳಲ್ಲಿ ಹೊಲಿಗೆಯ ಎಣಿಕೆ ಒಂದೇ ಇರಬೇಕು, ಅಂತರ ಏರುಪೇರಾಗಬಾರದು.

ಇಷ್ಟೆಲ್ಲ ಪಾಸಾದ ಬ್ಯಾಗನ್ನೂ ಫೇಲು ಮಾಡುವ ಪರೀಕ್ಷಕರು ನಮ್ಮಲ್ಲಿದ್ದಾರೆ, ಮಳೆಗಾಲ ಅಂತ ಹೆಸರು. ಗಾಳಿಯ ತೇವಾಂಶ ಎಪ್ಪತ್ತು ಶೇಕಡಾ ದಾಟಿದರೆ ಚರ್ಮಕ್ಕೆ ಬೂಷ್ಟು ಬರುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ಜುಲೈ ತಿಂಗಳಿಡೀ ತೊಂಬತ್ತರ ಆಸುಪಾಸು. ಆದರೂ ಬೂಷ್ಟು ಒರೆಸಿದರೆ ಹೋಗುವ ನೆಂಟ. ಹೋಗದ ನೆಂಟನೆಂದರೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್. ಕೆಲವು ಹಳೇ ಬ್ಯಾಗುಗಳ ಒಳಪದರಕ್ಕೆ, ಶೂಗಳ ಅಟ್ಟೆಗೆ ಇದನ್ನು ಬಳಸಿರುತ್ತಾರೆ. ಗಾಳಿಯ ತೇವ ವರ್ಷಗಟ್ಟಲೆ ಇದರ ಕೊಂಡಿ ಬಿಡಿಸುತ್ತ ಬಂದು ಒಳಪದರ ಹಲಸಿನ ಮೇಣದಂತೆ ಕೈಗೆ ಹತ್ತುತ್ತದೆ. ಹಲಸಿನ ಮೇಣ ಕೊಬ್ಬರಿ ಎಣ್ಣೆಗಾದರೂ ಬಿಡುತ್ತದೆ, ಇದು ಯಾವುದಕ್ಕೂ ಜಗ್ಗುವುದಿಲ್ಲ. ಪದರ ಕಿತ್ತು ಹೊಸ ಬಟ್ಟೆ ಹಾಕಿಸಬೇಕು. ಶೂವಿನಲ್ಲಿ 'ಹದಿನೈದು ವರ್ಷದ್ದು, ಒಮ್ಮೆಯೂ ಹಾಕಿಲ್ಲ' ಎಂಬ ಹೊಗಳಿಕೆ ಅದಕ್ಕೇ ಅಪಾಯದ್ದು. ಡಬ್ಬಿಯೊಳಗೇ ಕೂತ ಅಟ್ಟೆ ಹಾಕಿಕೊಂಡ ಎರಡನೇ ದಿನ ಒಣ ರೊಟ್ಟಿಯಂತೆ ಪುಡಿಯಾಗುತ್ತದೆ. ನಮ್ಮ ಕಡೆಯವರು ಚರ್ಮದ ಅಟ್ಟೆ, ಬಟ್ಟೆಯ ಒಳಪದರ ಎಂದು ಹಟ ಹಿಡಿಯುವುದೇ ಸರಿ.

ಬೂಷ್ಟು ಬಂದರೆ ಬ್ಯಾಗನ್ನು ಮನೆಯ ಹೊರಗೆ ತನ್ನಿ, ಒಳಗೆ ಕೊಡವಿದರೆ ಕಪಾಟಿನ ಉಳಿದ ಚರ್ಮಕ್ಕೂ ಹಂಚಿದಂತೆ. ಒಣ ಮೃದು ಬ್ರಷ್ಷಿನಲ್ಲಿ ತೆಗೆದು, ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ, ಮೊದಲು ಕಾಣದ ಮೂಲೆಯಲ್ಲಿ ಒರೆಸಿ ನೋಡಿ. ಬಟ್ಟೆಗೆ ಬಣ್ಣ ಕಚ್ಚದಿದ್ದರೆ ಉಳಿದ ಕಡೆ. ಒಣಗುವುದು ನೆರಳಲ್ಲಿ. ಬಚ್ಚಲ ಒಲೆಯ ಹತ್ತಿರ ಕಂಬಳಿ ಒಣಗುತ್ತದೆಂದು ಬ್ಯಾಗನ್ನೂ ಅಲ್ಲಿಗೇ ತೂಗಬಿಟ್ಟರೆ ಚರ್ಮ ಸೆಟೆದು ಬಿರಿಯುತ್ತದೆ, ಹೊಗೆ ವಾಸನೆ ಉಚಿತ. ಕೊಬ್ಬರಿ ಎಣ್ಣೆ ಸವರುವವರೂ ಇದ್ದಾರೆ. ಚರ್ಮ ಕಪ್ಪಿಟ್ಟು, ಎಣ್ಣೆ ಕಮಟು ಹಿಡಿದು, ಮುಂದಿನ ಬೂಷ್ಟಿಗೆ ಊಟ ಬಡಿಸಿದಂತಾಗುತ್ತದೆ. ಇಡುವಾಗ ಪ್ಲಾಸ್ಟಿಕ್ ಕವರಲ್ಲ, ಹಳೇ ಹತ್ತಿ ಪಂಚೆ. ಒಳಗೆ ಸಿಲಿಕಾ ಜೆಲ್ ಪೊಟ್ಟಣ. ನೀಲಿ ಹರಳು ಗುಲಾಬಿಯಾದರೆ ತೇವ ಕುಡಿದು ತುಂಬಿದೆ ಎಂದರ್ಥ. ಅದನ್ನು ಬಿಸಿ ಮಾಡಿ ಮತ್ತೆ ಬಳಸಬಹುದು, ಆದರೆ ನೀಲಿಯಲ್ಲಿ ಕೋಬಾಲ್ಟ್ ಇರುತ್ತದೆ, ಒಗ್ಗರಣೆ ಬಾಣಲೆ ಮುಟ್ಟಬೇಡಿ.

ಬಟ್ಟೆಯದು ಇಷ್ಟು ರಗಳೆಯಿಲ್ಲ. ಕಂಕುಳ ಕಲೆ, ಉಣ್ಣೆಗೆ ನುಸಿಯ ತೂತು ನೋಡಿದರಾಯಿತು. ಇಟಲಿಯ 42 ಎಂದರೆ ಫ್ರಾನ್ಸಿನ 38; ನಂಬರು ನಂಬದೆ ಎದೆ, ಭುಜದ ಅಳತೆಯನ್ನು ಟೇಪು ಹಿಡಿದು ಕೇಳಿ.

ಕೊಳ್ಳುವ ಕಾಲ ದೀಪಾವಳಿ ಕಳೆದ ಮೇಲೆ. ಆಷಾಢದಲ್ಲಿ ತರಿಸಿದರೆ ಪಾರ್ಸೆಲ್ಲು ದಾರಿಯಲ್ಲೇ ತೊಯ್ದು ಬರುತ್ತದೆ. ಪೊಟ್ಟಣ ಬಿಚ್ಚುವುದನ್ನು ಮೊದಲಿನಿಂದ ವಿಡಿಯೋ ಮಾಡಿ, ಬ್ಯಾಗು ತೆರೆದೊಡನೆ ಮೂಗು ಒಳಗಿಡಿ. ಹಳೇ ಚರ್ಮದ ವಾಸನೆ ಬಂದರೆ ಸರಿ. ಸೆಂಟಿನ ಘಮ ಗಪ್ಪೆಂದು ಹೊಡೆದರೆ ಅದರ ಅಡಿಯಲ್ಲಿ ಏನನ್ನೋ ಮುಚ್ಚಿದ್ದಾರೆ. ಬಿಸಿಲಿಲ್ಲದ ಜಾಗದಲ್ಲಿ ಒಂದು ರಾತ್ರಿ ತೆರೆದಿಟ್ಟು, ವಾಪಸಾತಿಯ ಗಡುವು ಮುಗಿಯುವ ಮೊದಲು ಇನ್ನೊಮ್ಮೆ ಮೂಸಿ ನೋಡಿ.